ಮೊದಲು ಒಂದು ಹಾಡಿಗೆ ಬಣ್ಣ

1960ರ ಆಗಸ್ಟ್ 5ರಂದು ಮುಂಬೈ ಸೆಂಟ್ರಲ್ ಬಳಿಯ ಮರಾಠಾ ಮಂದಿರದಲ್ಲಿ ‘ಮೊಘಲ್-ಎ-ಆಜಂ’ ತೆರೆಕಂಡಿತು. ಚಿತ್ರದ ಬಹುಭಾಗ ಕಪ್ಪು-ಬಿಳುಪಿನಲ್ಲೇ ಸಾಗುತ್ತದೆ. ಶೀಶ್ ಮಹಲಿನಲ್ಲಿ ಅನಾರ್ಕಲಿ ನರ್ತಿಸಲು ಬಂದಾಗ ಪರದೆ ಒಮ್ಮೆಲೇ ಬಣ್ಣದಲ್ಲಿ ಮಿಂದೇಳುತ್ತದೆ. ಅಂಧೇರಿಯ ಮೋಹನ್ ಸ್ಟುಡಿಯೋದಲ್ಲಿ ಆ ಮಹಲಿನ ಸೆಟ್ ಎದ್ದು ನಿಂತಾಗ ದೀಪ ಹಚ್ಚಿದರೆ ಸಾಕು, ಸಾವಿರಾರು ಗಾಜಿನ ಚೂರುಗಳ ಹೊಳಪು ಕ್ಯಾಮೆರಾದ ಕಣ್ಣು ಕೋರೈಸುತ್ತಿತ್ತು. ಛಾಯಾಗ್ರಾಹಕ ಆರ್.ಡಿ. ಮಾಥುರ್ ನೇರ ಬೆಳಕನ್ನು ಬಿಟ್ಟು ಬೇರೆಡೆಗೆ ಬಡಿದು ಮರಳುವ ಬೆಳಕನ್ನು ಬಳಸಿ ಅದನ್ನು ಪಳಗಿಸಿದರು. ಟೆಕ್ನಿಕಲರ್‌ನಲ್ಲಿ ಹಾಡು ಮೂಡಿದ ಚೆಂದ ಕಂಡ ನಿರ್ದೇಶಕ ಕೆ. ಆಸಿಫ್ ಅವರಿಗೆ ಇಡೀ ಚಿತ್ರವನ್ನೇ ಬಣ್ಣದಲ್ಲಿ ಮತ್ತೆ ತೆಗೆಯುವ ಆಸೆ ಹುಟ್ಟಿತು. ವರ್ಷಗಟ್ಟಲೆ ಕಾದು ಸುಸ್ತಾಗಿದ್ದ ವಿತರಕರು ಒಪ್ಪಲಿಲ್ಲ. ಆ ಹಾಡಿಗೆ ಮತ್ತು ಕೊನೆಯ ಕೆಲವು ರೀಲುಗಳಿಗಷ್ಟೇ ಬಣ್ಣ ಉಳಿಯಿತು. ಪೂರ್ತಿ ಚಿತ್ರಕ್ಕೆ ಬಣ್ಣ ಬಂದದ್ದು 2004ರಲ್ಲಿ, ಕಂಪ್ಯೂಟರಿನ ನೆರವಿನಿಂದ.

ಈ ಕಥೆ ನನಗೆ ಮತ್ತೆ ನೆನಪಾದದ್ದು ಸಾಕಿನಾಕಾದ ಒಂದು ಗಾಳಾದಲ್ಲಿ. ಕೈಗಾರಿಕಾ ಎಸ್ಟೇಟಿನ ಸಣ್ಣ ಕೋಣೆಗಳನ್ನು ಇಲ್ಲಿ ಗಾಳಾ ಎನ್ನುತ್ತಾರೆ. ಆ ಗಾಳಾ ನನ್ನ ಭಾವನದು. ಕುಂದಾಪುರದ ಕಡೆಯಿಂದ ಹುಡುಗನಾಗಿ ಬಂದು, ಹಗಲು ಹೋಟೆಲಿನಲ್ಲಿ ಟೇಬಲ್ ಒರೆಸಿ, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಕಲಿತು, ಕೊನೆಗೆ ಮನೆಗಳ ಒಳಾಂಗಣ ಮಾಡಿಕೊಡುವ ಕಂತ್ರಾಟಿಗೆ ಇಳಿದವರು. ಅಡುಗೆಮನೆಯ ಕಪಾಟು, ವಾರ್ಡ್‌ರೋಬು, ದೇವರ ಮಂಟಪ ಇವೇ ಅವರ ಕಸುಬು. ಗೋರೆಗಾಂವಿನಲ್ಲಿ ನಡೆದ ಒಂದು ಪ್ರದರ್ಶನಕ್ಕೆ ಹೋದವರು ಅಲ್ಲೇ ಮನಸೋತು ಮೂರು ವಿಆರ್ ಹೆಡ್‌ಸೆಟ್ ಕೊಂಡುಬಿಟ್ಟರು. ಅದರ ಜೊತೆಗೆ ವರ್ಷದ ಬಾಡಿಗೆಯ ಸಾಫ್ಟ್‌ವೇರು. ಗಿರಾಕಿ ಹೆಡ್‌ಸೆಟ್ ಹಾಕಿಕೊಂಡರೆ ಇನ್ನೂ ಕಟ್ಟದ ಮನೆಯೊಳಗೆ ಓಡಾಡಬಹುದು ಎಂದು ಮಾರಿದವರು ಹೇಳಿದ್ದರಂತೆ. ಅದು ಸುಳ್ಳಾಗಿರಲಿಲ್ಲ. ಆದರೆ ಆರು ತಿಂಗಳ ಬಳಿಕ ನಾನು ಹೋದಾಗ ಮೂರೂ ಹೆಡ್‌ಸೆಟ್‌ಗಳು ತೂಗುಗುಂಡು, ಸ್ಕ್ರೂ ಡಬ್ಬಿಗಳ ಪಕ್ಕ ಕಪಾಟಿನಲ್ಲಿದ್ದವು. ಮೇಲೆ ಮರದ ಹುಡಿ ಕೂತಿತ್ತು.

“ಎಂತ ಮಾಡುದು ಮಾರಾಯ, ಹಾಕಿದವರಿಗೆ ತಲೆ ತಿರುಗ್ತದೆ. ಹಾಕದವರಿಗೆ ಹೆದರಿಕೆ. ನಮ್ಮ ಹುಡುಗರಿಗೆ ಅದನ್ನು ನಡೆಸ್ಲಿಕ್ಕೇ ಬರುದಿಲ್ಲ” ಎಂದರು ಭಾವ. ದುಡ್ಡು ಹೋದದ್ದಕ್ಕಿಂತ ನಾಲ್ಕು ಜನರೆದುರು ಮುಖಭಂಗವಾದದ್ದು ಅವರಿಗೆ ಹೆಚ್ಚು ನೋವು ಕೊಟ್ಟಿತ್ತು.

ಕಣ್ಣು ಕಿವಿ ಎರಡನ್ನೂ ಸುತ್ತುವರಿದು ನಮ್ಮನ್ನು ಬೇರೊಂದು ಜಾಗದೊಳಗೆ ಇಳಿಸುವ ತಂತ್ರಜ್ಞಾನಕ್ಕೆ ಈಗ ಇಮ್ಮರ್ಸಿವ್ ಎಂಬ ಹೆಸರು. ಹೆಡ್‌ಸೆಟ್ ತೊಟ್ಟು ನೋಡುವ ವರ್ಚುವಲ್ ರಿಯಾಲಿಟಿ, ಎದುರಿನ ನಿಜ ನೋಟದ ಮೇಲೆಯೇ ಚಿತ್ರ ಕೂಡಿಸುವ ಆಗ್ಮೆಂಟೆಡ್ ರಿಯಾಲಿಟಿ ಎರಡೂ ಇದರಲ್ಲಿ ಬರುತ್ತವೆ. ಹೆಸರು ಹೊಸದು, ಹಂಬಲ ಹಳೆಯದು. ಅದನ್ನು ವ್ಯಾಪಾರವಾಗಿಸಿದ ಅನುಭವದಲ್ಲಿ ಈ ದೇಶದಲ್ಲಿ ಮುಂಬೈಯಷ್ಟು ಹಳಬ ಊರು ಇನ್ನೊಂದಿಲ್ಲ. 1896ರ ಜುಲೈ 7ರಂದು ಕಾಲಾಘೋಡಾದ ವಾಟ್ಸನ್ಸ್ ಹೋಟೆಲಿನಲ್ಲಿ ಲೂಮಿಯೇರ್ ಸಹೋದರರ ಚಲಿಸುವ ಚಿತ್ರಗಳನ್ನು ಒಂದು ರೂಪಾಯಿ ಟಿಕೆಟಿಗೆ ತೋರಿಸಿದರು. ಅದಕ್ಕೆಂದು ಯಾರೂ ಹೊಸ ಕಟ್ಟಡ ಕಟ್ಟಲಿಲ್ಲ. ಹೋಟೆಲಿನ ಕೋಣೆ ಸಾಕಾಯಿತು. ಜನ ಬರುತ್ತಾರೆಂದು ಖಾತ್ರಿಯಾದ ಮೇಲೆ ಅದೇ ತಿಂಗಳು ಪ್ರದರ್ಶನ ನಾಟಕದ ಥಿಯೇಟರಾದ ನಾವೆಲ್ಟಿಗೆ ಹೋಯಿತು, ಟಿಕೆಟ್ ನಾಲ್ಕಾಣೆಯಿಂದ ಎರಡು ರೂಪಾಯಿಯವರೆಗೆ ಹರಡಿಕೊಂಡಿತು. ಮೊದಲು ಕೋಣೆ, ಆಮೇಲೆ ಥಿಯೇಟರು. ನನ್ನ ಭಾವ ಮೊದಲೇ ಥಿಯೇಟರು ಕಟ್ಟಲು ಹೋಗಿದ್ದರು.

ಇಲ್ಲಿ ನಮ್ಮವರೊಬ್ಬರ ನೆನಪು ತೆಗೆಯದೆ ಮುಂದೆ ಹೋಗಲಾರೆ. 1923ರಲ್ಲಿ ಮೈಸೂರಿನಲ್ಲಿ ಹುಟ್ಟಿ, ಬೆಂಗಳೂರಿನ ಎಸ್.ಜೆ. ಪಾಲಿಟೆಕ್ನಿಕ್‌ನಲ್ಲಿ ಛಾಯಾಗ್ರಹಣ ಕಲಿತು ಮುಂಬೈಗೆ ಬಂದ ವಿ.ಕೆ. ಮೂರ್ತಿ. ಬೆಂಗಳೂರಿನಲ್ಲೇ ಹುಟ್ಟಿದ ನಿರ್ದೇಶಕ ಗುರುದತ್ ಅವರಿಗೆ ಕಣ್ಣಾದವರು. ಇಬ್ಬರೂ ಸೇರಿ 1959ರಲ್ಲಿ ‘ಕಾಗಜ್ ಕೆ ಫೂಲ್’ ತೆಗೆದರು. ಭಾರತದ ಮೊದಲ ಸಿನಿಮಾಸ್ಕೋಪ್ ಚಿತ್ರ ಅದು. ದೃಶ್ಯವನ್ನು ಅಡ್ಡಡ್ಡ ಹಿಂಡಿ ಫಿಲ್ಮಿನ ಮೇಲೆ ಕೂರಿಸುವ ಮಸೂರ ಕ್ಯಾಮೆರಾಕ್ಕೆ ಬೇಕು, ಅದನ್ನು ಮತ್ತೆ ಹಿಗ್ಗಿಸುವ ಮಸೂರ ಥಿಯೇಟರಿನ ಪ್ರೊಜೆಕ್ಟರಿಗೂ ಬೇಕು, ಜೊತೆಗೆ ಅಗಲವಾದ ಪರದೆ. ಎಂದರೆ ಖರ್ಚು ಸ್ಟುಡಿಯೋದಲ್ಲೇ ಮುಗಿಯುವುದಿಲ್ಲ, ಟಿಕೆಟ್ ಹರಿಯುವ ಬಾಗಿಲಿನವರೆಗೂ ಹಿಂಬಾಲಿಸುತ್ತದೆ.

ಚಿತ್ರ ಸೋತಿತು. ಸೋಲಿಗೆ ಅಗಲ ಪರದೆ ಕಾರಣ ಎಂದರೆ ಅನ್ಯಾಯವಾದೀತು, ಅಂದಿನ ಪ್ರೇಕ್ಷಕರಿಗೆ ಆ ಕಥೆಯ ವಿಷಾದವೇ ಹಿಡಿಸಲಿಲ್ಲ. ಆದರೆ ಆ ಚಿತ್ರದಿಂದ ಇಂದಿಗೂ ಜನರ ಕಣ್ಣಿನಲ್ಲಿ ಉಳಿದಿರುವುದು ಯಾವುದು? ಕತ್ತಲು ತುಂಬಿದ ಸ್ಟುಡಿಯೋದೊಳಗೆ ಮೇಲಿನಿಂದ ಇಳಿಯುವ ಬೆಳಕಿನ ಕೋಲು. ಅದಕ್ಕೆ ಮೂರ್ತಿ ಬಳಸಿದ್ದು ಎರಡು ದೊಡ್ಡ ಕನ್ನಡಿ ಮತ್ತು ಹೊರಗಿನ ಬಿಸಿಲು. ವಿದೇಶಿ ಮಸೂರ ಪರದೆಯನ್ನು ಅಗಲ ಮಾಡಿತು, ನೋಡುವವರನ್ನು ಒಳಗೆ ಎಳೆದುಕೊಂಡದ್ದು ಕನ್ನಡಿ. ಯಂತ್ರ ಕೊಳ್ಳುವ ಮೊದಲು ಪ್ರತಿ ವ್ಯಾಪಾರಿಯೂ ಈ ದೃಶ್ಯವನ್ನೊಮ್ಮೆ ನೋಡಬೇಕು ಎಂಬುದು ನನ್ನ ಆಸೆ.

ಮುಂದಿನ ಚಿತ್ರ ‘ಚೌದವೀ ಕಾ ಚಾಂದ್’. ಅದು ಕಪ್ಪು-ಬಿಳುಪು. ಗುರುದತ್ ಸಂಸ್ಥೆಯನ್ನು ಮತ್ತೆ ನಿಲ್ಲಿಸಿದ್ದು ಅದೇ. ಅದರ ಶೀರ್ಷಿಕೆ ಗೀತೆಯನ್ನು ಬಣ್ಣದಲ್ಲಿ ತೆಗೆಯುವ ಕೆಲಸ ಮೂರ್ತಿಯವರ ಪಾಲಿಗೆ ಬಂತು. ಒಂದು ಹಾಡಿನಷ್ಟೇ ಪ್ರಯೋಗ. ಆ ಕಾಲದ ಬಣ್ಣದ ಫಿಲ್ಮಿಗೆ ಬೇಕಿದ್ದ ದೀಪಗಳ ಉರಿಗೆ ನಾಯಕಿ ವಹೀದಾ ರೆಹಮಾನ್ ಅವರ ಕಣ್ಣು ಕೆಂಪಾಗಿ, ಆ ಕೆಂಪಿನ ಮೇಲೆಯೇ ಸೆನ್ಸಾರಿನವರು ತಕರಾರು ತೆಗೆದದ್ದನ್ನು ಅವರೇ ಹೇಳಿಕೊಂಡಿದ್ದಾರೆ. ಹೊಸ ಯಂತ್ರ ಮೊದಲು ತೊಂದರೆ ಕೊಡುವುದು ಮನುಷ್ಯರ ಮೈಗೆ. ಅದು ಒಂದು ಹಾಡಿನಲ್ಲೇ ಗೊತ್ತಾದರೆ ಉಳಿದ ಹದಿನೈದು ರೀಲು ಬಚಾವು. 2008ನೇ ಸಾಲಿನ ದಾದಾಸಾಹೇಬ್ ಫಾಲ್ಕೆ ಪ್ರಶಸ್ತಿ ಮೂರ್ತಿಯವರಿಗೆ ಬಂತು. ಒಬ್ಬ ಛಾಯಾಗ್ರಾಹಕನಿಗೆ ಅದು ಸಂದದ್ದು ಅದೇ ಮೊದಲು.

1975ರಲ್ಲಿ ‘ಶೋಲೆ’ಯದೂ ಇದೇ ಜಾಣತನ. ನಮ್ಮ ರಾಮನಗರದ ಬಂಡೆಗಳ ನಡುವೆ ಚಿತ್ರೀಕರಿಸಿದ್ದು ಮಾಮೂಲಿ 35 ಎಂಎಂ ಫಿಲ್ಮಿನಲ್ಲಿ. ಆಮೇಲೆ ಲಂಡನ್ನಿನಲ್ಲಿ ಅದನ್ನು 70 ಎಂಎಂಗೆ ಹಿಗ್ಗಿಸಿ ಸ್ಟೀರಿಯೋ ಧ್ವನಿ ಕೂಡಿಸಿದರು. ಮುಂಬೈಯ ಮಿನರ್ವಾದಂಥ ದೊಡ್ಡ ಥಿಯೇಟರಿಗೆ ಅದು, ಜಿಲ್ಲಾ ಕೇಂದ್ರದ ಟಾಕೀಸಿಗೆ ಹಳೆಯ ಅಳತೆಯದು. ಮಿನರ್ವಾದಲ್ಲಿ ಐದು ವರ್ಷ ಓಡಿತು. ಹೊಸದನ್ನು ತಂದವರು ಹಳೆಯದನ್ನು ಆಚೆ ದೂಡಲಿಲ್ಲ.

ಈ ಮಾತು ಇನ್ನೂ ಹತ್ತಿರವಾಗಿ ಕಾಣುವುದು ಮನಮೋಹನ್ ಶೆಟ್ಟಿಯವರ ವ್ಯವಹಾರದಲ್ಲಿ. ಕರಾವಳಿಯ ಬಂಟ ಮನೆತನದ ಇವರು 1978ರಲ್ಲಿ ಆ್ಯಡ್‌ಲ್ಯಾಬ್ಸ್ ಶುರುಮಾಡಿದರು. ಹೆಸರೇ ಹೇಳುವಂತೆ ಮೊದಲು ಜಾಹೀರಾತು ಚಿತ್ರಗಳ ಫಿಲ್ಮ್ ತೊಳೆಯುವ ಕೆಲಸ. ಅಲ್ಲಿಂದ ಕಥಾಚಿತ್ರಗಳ ಸಂಸ್ಕರಣೆ. ಗೋವಿಂದ ನಿಹಲಾನಿಯವರ ‘ಅರ್ಧಸತ್ಯ’ದಂಥ ಚಿತ್ರದ ನಿರ್ಮಾಣದಲ್ಲೂ ಕೈಜೋಡಿಸಿದರು. ಎರಡು ದಶಕಕ್ಕೂ ಹೆಚ್ಚು ಕಾಲ ಫಿಲ್ಮಿನ ವಾಸನೆಯಲ್ಲೇ ಕಳೆದ ಮೇಲೆ, 2001ರಲ್ಲಿ, ವಡಾಲಾದಲ್ಲಿ ಐಮ್ಯಾಕ್ಸ್ ಗುಮ್ಮಟ ಎಬ್ಬಿಸಿದರು. ಐಮ್ಯಾಕ್ಸ್ ಫಿಲ್ಮಿನ ಒಂದು ಚೌಕಟ್ಟು 35 ಎಂಎಂ ಚೌಕಟ್ಟಿಗಿಂತ ಸುಮಾರು ಹತ್ತು ಪಟ್ಟು ದೊಡ್ಡದು. ಗುಮ್ಮಟದೊಳಗೆ ಒರಗಿ ಕೂತರೆ ಪರದೆಯ ಅಂಚೇ ಕಾಣುತ್ತಿರಲಿಲ್ಲ. ಮುಂಬೈಯ ಶಾಲಾ ಮಕ್ಕಳ ಒಂದು ತಲೆಮಾರು ಹಿಮಾಲಯವನ್ನೂ ಸಮುದ್ರದಾಳವನ್ನೂ ಮೊದಲು ‘ಹೊಕ್ಕದ್ದು’ ಇಂಥ ಪರದೆಯಲ್ಲಿ. ನನಗೆ ಇಲ್ಲಿ ಮುಖ್ಯವಾಗಿ ಕಾಣುವುದು ಬೇರೊಂದು ಸಂಗತಿ: ಗುಮ್ಮಟದ ಪಕ್ಕದಲ್ಲೇ ಮಾಮೂಲಿ ಪರದೆಗಳೂ ಇದ್ದವು. ಗುಮ್ಮಟಕ್ಕೆ ಹೊಂದುವ ಚಿತ್ರಗಳು ಕಡಿಮೆ, ಸಪಾಟು ಪರದೆಗೆ ತೆಗೆದದ್ದನ್ನು ಅದರ ಮೇಲೆ ಬಿಟ್ಟರೆ ಅಂಚು ಬಾಗುತ್ತದೆ. ಅಂಥ ದಿನಗಳಲ್ಲಿ ಪಕ್ಕದ ಪರದೆಯ ಹಿಂದಿ ಚಿತ್ರ ಮನೆ ನಡೆಸುತ್ತಿತ್ತು.

2005ರಲ್ಲಿ ಆ್ಯಡ್‌ಲ್ಯಾಬ್ಸ್ ಅನಿಲ್ ಅಂಬಾನಿಯವರ ರಿಲಯನ್ಸ್ ಸಮೂಹದ ಕೈಗೆ ಹೋಯಿತು. ಶೆಟ್ಟಿಯವರ ಮುಂದಿನ ಹೆಜ್ಜೆ ಖೊಪೋಲಿಯ ಹತ್ತಿರ, 2013ರ ಏಪ್ರಿಲ್‌ನಲ್ಲಿ ತೆರೆದ ಇಮ್ಯಾಜಿಕಾ. ಕಾಲು ಗಾಳಿಯಲ್ಲಿ ತೂಗಾಡಿಸಿಕೊಂಡು ದೇಶದ ಮೇಲೆ ಹಾರುವ ‘ಐ ಫಾರ್ ಇಂಡಿಯಾ’, ಕುರ್ಚಿಯೇ ಕುಲುಕಿ ಓಡುವ ‘ಮಿಸ್ಟರ್ ಇಂಡಿಯಾ’. ನಾನು ಮಗಳೊಂದಿಗೆ ಹೋಗಿ ಕೂತಾಗ ನಿಜವಾಗಿಯೂ ರೋಮಾಂಚನಗೊಂಡಿದ್ದೆ. ನಮ್ಮೂರಿನವರೊಬ್ಬರು ಇಂಥದ್ದನ್ನು ಕಟ್ಟಿದರಲ್ಲ ಎಂಬ ಹೆಮ್ಮೆಯೂ ಸೇರಿತ್ತು. ಆದರೆ ಇದು ಒಂದು ಹಾಡಿಗೆ ಬಣ್ಣ ಹಚ್ಚಿದ ಬಗೆಯಲ್ಲ. ಸವಾರಿಗಳು, ರಸ್ತೆ, ನೀರು, ಕರೆಂಟು, ನೂರಾರು ಜನರ ಸಂಬಳ ಎಲ್ಲವೂ ಮೊದಲ ದಿನದಿಂದಲೇ ಪೂರ್ತಿ ಬೇಕು. ಮರುವರ್ಷ ವಾಟರ್ ಪಾರ್ಕು, ಆಮೇಲೆ ಹೋಟೆಲು. ಸಾಲ ಸಾವಿರ ಕೋಟಿ ರೂಪಾಯಿ ದಾಟಿತು. ಮುಂಬೈ, ಪುಣೆ ಎರಡೂ ಊರುಗಳಿಂದ ದೂರ, ಮಳೆಗಾಲದಲ್ಲಿ ಜನ ವಿರಳ, ಬಡ್ಡಿಗೆ ಮಾತ್ರ ಮಳೆಗಾಲವಿಲ್ಲ. ಕೋವಿಡ್‌ಗೂ ಮೊದಲೇ ಹೆಗಲು ಬಾಗಿತ್ತು. 2022ರಲ್ಲಿ ಮಾಲ್ಪಾನಿ ಸಮೂಹ ಅದನ್ನು ವಹಿಸಿಕೊಂಡಿತು. ಉದ್ಯಾನ ಈಗಲೂ ನಡೆಯುತ್ತಿದೆ, ಮಕ್ಕಳು ಈಗಲೂ ಕಿರುಚುತ್ತಾರೆ. ಶೆಟ್ಟಿಯವರ ಕನಸಿನ ಮೇಲಿನ ಗೌರವ ನನಗೆ ಕಡಿಮೆಯಾಗಿಲ್ಲ. ಲ್ಯಾಬಿನಿಂದ ಗುಮ್ಮಟದವರೆಗಿನ ಅವರ ನಡಿಗೆಯಲ್ಲಿ ಪ್ರತಿ ಮೆಟ್ಟಿಲೂ ಮುಂದಿನ ಮೆಟ್ಟಿಲಿಗೆ ದುಡ್ಡು ಕೊಟ್ಟಿತ್ತು, ಕೊನೆಯ ಮೆಟ್ಟಿಲಿಗೆ ಮಾತ್ರ ಬ್ಯಾಂಕು ಕೊಡಬೇಕಾಯಿತು ಎಂಬುದಷ್ಟೇ ನನ್ನ ಓದು.

ಭಾವನಿಗೆ ಇದೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದರೆ ಇದರಿಂದ ನಿಜವಾಗಿ ಉಪಯೋಗ ಯಾರಿಗೆ ಉಂಟು?”

ಇದಕ್ಕೆ ಹಳೆಯ ಉತ್ತರವೊಂದು ಅಮೆರಿಕದಲ್ಲಿದೆ. ಪಿಯಾನೋ, ಥಿಯೇಟರ್ ಆರ್ಗನ್ ತಯಾರಿಸುವವರ ಮಗ ಎಡ್ವಿನ್ ಲಿಂಕ್, ಅಪ್ಪನ ಕಾರ್ಖಾನೆಯ ತಿದಿಗಳನ್ನೇ ಬಳಸಿ 1929ರ ಹೊತ್ತಿಗೆ ನೆಲದ ಮೇಲೆ ಓಲಾಡುವ ವಿಮಾನದ ಪೆಟ್ಟಿಗೆಯೊಂದನ್ನು ಮಾಡಿದ. ಹಲವು ವರ್ಷ ಅದು ಜಾತ್ರೆಯ ಆಟಿಕೆಯಾಗಿತ್ತು. 1934ರಲ್ಲಿ ಟಪಾಲು ಹೊತ್ತ ಸೇನಾ ಪೈಲಟ್‌ಗಳು ಮಂಜಿನಲ್ಲಿ ದಾರಿ ಕಾಣದೆ ಸತ್ತ ಮೇಲೆ ಸೇನೆ ಆರು ಪೆಟ್ಟಿಗೆ ಕೊಂಡಿತು. ಆರೇ ಆರು. ಎರಡನೇ ಮಹಾಯುದ್ಧದ ಹೊತ್ತಿಗೆ ಸಾವಿರಾರು ಬಂದವು. ಆಗ್ಮೆಂಟೆಡ್ ರಿಯಾಲಿಟಿ ಎಂಬ ಮಾತು ಹುಟ್ಟಿದ್ದೂ ಆಟದ ಅಂಗಡಿಯಲ್ಲಲ್ಲ, 1990ರ ಸುಮಾರಿಗೆ ಬೋಯಿಂಗ್ ಕಂಪನಿಯಲ್ಲಿ, ವಿಮಾನದ ವೈರುಗಳನ್ನು ಜೋಡಿಸುವವರಿಗೆ ದಾರಿ ತೋರಿಸುವ ಯೋಚನೆಯಲ್ಲಿ.

ಮುಂಬೈಯಲ್ಲೂ ಇದು ಗಟ್ಟಿಯಾಗಿ ನೆಲೆಯೂರಿರುವುದು ಇಂಥ ಕಡೆಯೇ. ಪವಾಯಿಯಲ್ಲಿ ಶಿಪ್ಪಿಂಗ್ ಕಾರ್ಪೊರೇಷನ್ನಿನ ಕಡಲ ತರಬೇತಿ ಸಂಸ್ಥೆಯಿದೆ. ಅಲ್ಲಿನ ಸಿಮ್ಯುಲೇಟರಿನಲ್ಲಿ ಹಡಗಿನ ಅಟ್ಟದ ಮೇಲೆ ನಿಂತಂತೆಯೇ ನಿಂತು, ರಾತ್ರಿಯ ಬಂದರನ್ನು ಸುತ್ತಲೂ ನೋಡುತ್ತ ಹಡಗು ತಿರುಗಿಸುವುದನ್ನು ಕಲಿಯುತ್ತಾರೆ. ರೇಡಾರ್ ಬಳಕೆಯನ್ನು ಸಿಮ್ಯುಲೇಟರಿನಲ್ಲೇ ಕಲಿಯಬೇಕೆಂದು 1995ರಲ್ಲಿ ತಿದ್ದುಪಡಿಯಾದ ಅಂತರರಾಷ್ಟ್ರೀಯ ನಿಯಮವೇ ಹೇಳುತ್ತದೆ. ರೈಲ್ವೆಯೂ ಚಾಲಕರನ್ನು ಸಿಮ್ಯುಲೇಟರಿನಲ್ಲಿ ಕೂರಿಸುತ್ತದೆ. ಜನ ಬಾಗಿಲಿಗೆ ಜೋತುಬಿದ್ದ ಲೋಕಲಿನಲ್ಲಿ ಯಾರಾದರೂ ತಪ್ಪು ಮಾಡಿ ಕಲಿಯಲಾದೀತೇ? ನಿಜದಲ್ಲಿ ತಪ್ಪಿದರೆ ಜೀವ ಹೋಗುವ ಕಡೆ ಈ ಯಂತ್ರ ತನ್ನ ಬೆಲೆಯನ್ನು ತಾನೇ ದುಡಿಯುತ್ತದೆ.

ಇನ್ನೊಂದು ಕಡೆ, ವಸ್ತು ಇನ್ನೂ ಹುಟ್ಟದೇ ಇರುವಲ್ಲಿ. ಮುಂಬೈಯಲ್ಲಿ ಜನ ಜೀವಮಾನದ ಗಳಿಕೆ ಸುರಿದು ಕೊಳ್ಳುವ ಫ್ಲ್ಯಾಟು ಕೊಳ್ಳುವ ದಿನ ಗಾಳಿಯಲ್ಲಿರುತ್ತದೆ. ಬಿಲ್ಡರುಗಳು ಮೊದಲು ಬಣ್ಣದ ಪುಸ್ತಿಕೆ ಕೊಟ್ಟರು, ಆಮೇಲೆ ಗಾಜಿನ ಪೆಟ್ಟಿಗೆಯಲ್ಲಿ ಕಟ್ಟಡದ ಪುಟ್ಟ ಮಾದರಿ, ಆಮೇಲೆ ಸ್ಯಾಂಪಲ್ ಫ್ಲ್ಯಾಟು. ಈಗ ಮೂವತ್ತನೇ ಮಹಡಿ ಏಳಬೇಕಾದ ಎತ್ತರಕ್ಕೆ ಡ್ರೋನ್ ಹಾರಿಸಿ, ಅಲ್ಲಿಂದ ಕಾಣುವ ಕಡಲನ್ನು ಹೆಡ್‌ಸೆಟ್ಟಿನ ಕಿಟಕಿಗೆ ಅಂಟಿಸುತ್ತಾರೆ. ಕೊಳ್ಳುವವರಿಗೆ ಒಂದು ಮಾತು: 2016ರ ರೇರಾ ಕಾಯ್ದೆಯ 12ನೇ ಕಲಮಿನ ಪ್ರಕಾರ ಜಾಹೀರಾತು ಅಥವಾ ಮಾದರಿ ಫ್ಲ್ಯಾಟನ್ನು ನಂಬಿ ಮುಂಗಡ ಕೊಟ್ಟವರಿಗೆ ಅದು ಸುಳ್ಳೆಂದು ತಿಳಿದು ನಷ್ಟವಾದರೆ ಪರಿಹಾರ ಕೇಳುವ ಹಕ್ಕಿದೆ, ಹಿಂದೆ ಸರಿಯುವುದಾದರೆ ಬಡ್ಡಿ ಸಮೇತ ಹಣ ವಾಪಸು ಕೇಳುವ ಹಕ್ಕೂ ಇದೆ. ಜಾಹೀರಾತು ಯಾವ ಮಾಧ್ಯಮದಲ್ಲಿದ್ದರೂ ಅದು ಜಾಹೀರಾತೇ. ಹೆಡ್‌ಸೆಟ್ಟಿನೊಳಗೆ ತೋರಿಸಿದ್ದನ್ನೂ ಹೀಗೇ ಕಾಣಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೈಮರೆಸಿ ತೋರಿಸಿದ ಮಾತಿಗೆ ಬಾಯಿಮಾತಿಗಿಂತ ಹೆಚ್ಚಿನ ಹೊಣೆಯಿದೆ.

ದೊಡ್ಡ ಕಂಪನಿಗಳೇ ಈ ದಾರಿಯಲ್ಲಿ ಹೆಜ್ಜೆ ಹಿಂದಿಟ್ಟಿವೆ. ಗೂಗಲ್ ತನ್ನ ಉದ್ಯಮ ಬಳಕೆಯ ಗ್ಲಾಸ್ ಕನ್ನಡಕದ ಮಾರಾಟವನ್ನು 2023ರಲ್ಲಿ ನಿಲ್ಲಿಸಿತು, ಮೈಕ್ರೋಸಾಫ್ಟ್ ಹೋಲೋಲೆನ್ಸ್ ತಯಾರಿಕೆಯನ್ನು 2024ರಲ್ಲಿ. ಇತ್ತ ಮುಂಬೈಯ ಜಿಯೋ 2023ರ ಐಪಿಎಲ್ ಹೊತ್ತಿಗೆ ಮೊಬೈಲನ್ನೇ ಒಳಗಿಟ್ಟು ನೋಡುವ ಜಿಯೋಡೈವ್ ಅನ್ನು 1,299 ರೂಪಾಯಿಗೆ ಬಿಟ್ಟಿತು. ಸಣ್ಣ ಅಂಗಡಿಯವನಿಗೆ ದಾರಿ ಕಾಣುವುದು ಈ ತುದಿಯಿಂದ.

ನಾವು ಮತ್ತೆ ಕೂತು ಹೆಡ್‌ಸೆಟ್ ಯಾಕೆ ಸೋತಿತು ಎಂದು ಒಂದೊಂದೇ ಎಳೆ ಬಿಡಿಸಿದೆವು. ಎಷ್ಟೋ ಕಾರಣಗಳು ಯಂತ್ರದೊಳಗೆ ಇರಲೇ ಇಲ್ಲ. ಮಲ್ಲಿಗೆ ಮುಡಿದ ಹೆಂಗಸರಿಗೆ ಹಿಂದಿನ ಪಟ್ಟಿ ಬಿಗಿಯುವುದು ಕಷ್ಟ. ಕನ್ನಡಕ ಹಾಕುವವರಿಗೆ ಒಳಗೆ ಜಾಗ ಸಾಲದು. ಮೇ ತಿಂಗಳ ಸೆಕೆಗೆ ಒಬ್ಬರ ಬೆವರು ಇನ್ನೊಬ್ಬರ ಮುಖಕ್ಕೆ. 1984ರಲ್ಲಿ ಮಲಯಾಳಂನ 3ಡಿ ಚಿತ್ರ ‘ಮೈ ಡಿಯರ್ ಕುಟ್ಟಿಚಾತನ್’ ಬಂದಾಗ ಕನ್ನಡಕದಿಂದ ಕಣ್ಣುಬೇನೆ ಹರಡುತ್ತದೆಂಬ ಗುಲ್ಲೆದ್ದಿತ್ತು. ಕನ್ನಡಕಗಳನ್ನು ಶುಚಿಮಾಡಿಯೇ ಕೊಡುತ್ತೇವೆಂದು ಹೆಸರಾಂತ ನಟರಿಂದಲೇ ಪರದೆಯ ಮೇಲೆ ಹೇಳಿಸಬೇಕಾಯಿತು. ನಲವತ್ತು ವರ್ಷ ಕಳೆದರೂ ಬೆವರಿನ ಪ್ರಶ್ನೆ ಹಾಗೇ ಇದೆ. ತಲೆ ತಿರುಗುವುದಕ್ಕೂ ಕಾರಣ ಸರಳ: ನಡೆಯುತ್ತಿದ್ದೇವೆ ಎಂದು ಕಣ್ಣು ಹೇಳುತ್ತದೆ, ನಿಂತಿದ್ದೇವೆ ಎಂದು ಒಳಗಿವಿ ಹೇಳುತ್ತದೆ. ಭಾವನ ಹುಡುಗರು ಗಿರಾಕಿಯನ್ನು ನಿಲ್ಲಿಸಿ, ರಿಮೋಟ್ ಒತ್ತಿ ಮನೆಯಿಡೀ ಸುತ್ತಿಸುತ್ತಿದ್ದರು.

ಎರಡನೆಯ ಸಲ ಶುರುವಾದದ್ದು ಹೆಡ್‌ಸೆಟ್ಟಿನಿಂದಲ್ಲ, ಭಾವನ ನೋಟ್‌ಬುಕ್ಕಿನಿಂದ. ಕೆಲಸ ಮುಗಿದ ಮೇಲೆ ಒಡೆದು ಮತ್ತೆ ಮಾಡಿದ್ದು ಎಲ್ಲೆಲ್ಲಿ ಎಂದು ತಿರುವಿ ಹಾಕಿದರೆ ಹೆಚ್ಚಿನವು ಅಡುಗೆಮನೆಯವೇ. ಕೊಯ್ದ ಪ್ಲೈವುಡ್ ಮತ್ತೆ ಕೂಡುವುದಿಲ್ಲ. ಆದ್ದರಿಂದ ಹಾಲ್ ಬೇಡ, ಬೆಡ್‌ರೂಮ್ ಬೇಡ, ಅಡುಗೆಮನೆ ಮಾತ್ರ ಎಂದು ತೀರ್ಮಾನವಾಯಿತು. ಹೋಟೆಲಿನಲ್ಲಿ ದುಡಿದವರಾದ್ದರಿಂದ ಈ ಮಾತು ಅವರಿಗೆ ಬೇಗ ಹಿಡಿಯಿತು. ಹೊಸ ತಿಂಡಿಯನ್ನು ಅಲ್ಲಿ ಮೊದಲು ಭಾನುವಾರಕ್ಕಷ್ಟೇ ಮಾಡಿ ನೋಡುತ್ತಾರೆ, ಖಾಲಿಯಾದರೆ ಮಾತ್ರ ವಾರದ ಬೋರ್ಡಿಗೆ ಏರಿಸುತ್ತಾರೆ. ಕಂಪ್ಯೂಟರಿನಲ್ಲಿ ಹೇಗೂ ಬಿಡಿಸುತ್ತಿದ್ದ ನಕ್ಷೆಯನ್ನೇ ಸುತ್ತ ತಿರುಗಿಸಿ ನೋಡುವ ಚಿತ್ರವಾಗಿ ಮಾಡಿ ಗಿರಾಕಿಯ ವಾಟ್ಸ್ಆ್ಯಪ್‌ಗೆ ಕಳಿಸತೊಡಗಿದರು. ಖರ್ಚು ಹೆಚ್ಚೇನಿಲ್ಲ. ಮನೆಮಂದಿ ಮೊಬೈಲನ್ನು ಕೈಯಿಂದ ಕೈಗೆ ದಾಟಿಸಿ, ಬಣ್ಣವನ್ನೂ ಕಪಾಟುಗಳ ಜಾಗವನ್ನೂ ತಾವೇ ಮಾತಾಡಿ ಇತ್ಯರ್ಥ ಮಾಡಿಕೊಂಡರು.

ಮೊಬೈಲಿನಲ್ಲಿ ಗೊತ್ತಾಗದೇ ಉಳಿದದ್ದು ಒಂದೇ, ಎತ್ತರ. ಕಟ್ಟೆ ಸೊಂಟಕ್ಕೆ ಬರುತ್ತದೋ, ಮೇಲಿನ ಕಪಾಟು ಕೈಗೆ ಎಟುಕುತ್ತದೋ ಎಂಬುದು ಅಂಗೈಯಗಲದ ಚಿತ್ರದಲ್ಲಿ ತಿಳಿಯುವುದಿಲ್ಲ. ಅದಕ್ಕೆ ನಿಜದಳತೆಯಲ್ಲಿ ಎದುರು ನಿಲ್ಲಿಸುವ ಹೆಡ್‌ಸೆಟ್ಟೇ ಬೇಕು. ಆಗ ಕಪಾಟಿನಿಂದ ಒಂದನ್ನು ಮಾತ್ರ ಹೊರತೆಗೆದರು. ಮುಖಕ್ಕೆ ತಾಗುವಲ್ಲಿ ಪ್ರತಿಯೊಬ್ಬರಿಗೂ ಹೊಸ ಕಾಗದದ ಹೊದಿಕೆ. ನಡೆಸುವುದಿಲ್ಲ, ರಿಮೋಟಿಲ್ಲ, ನಿಂತಲ್ಲೇ ನಿಂತು ನೋಡಿದರೆ ಸಾಕು. ಮೊದಲು ಹಾಕಿಕೊಂಡು ಪರೀಕ್ಷಿಸಿದ್ದು ಭಾವನ ಬಳಿ ವರ್ಷಗಳಿಂದ ದುಡಿಯುವ ರಾಜಸ್ಥಾನದ ಮಿಸ್ತ್ರಿ. ಒಲೆಯ ಮೇಲಿನ ಕಪಾಟಿನ ಬಾಗಿಲು ತೆರೆದರೆ ಚಿಮಣಿಗೆ ಬಡಿಯುತ್ತದೆ ಎಂದು ಆತ ಒಂದೇ ನಿಮಿಷದಲ್ಲಿ ತೋರಿಸಿಕೊಟ್ಟ. ಆ ದಿನದಿಂದ ಯಂತ್ರ ಅವನದಾಯಿತು.

ಕಳೆದ ತಿಂಗಳು ನಾನೂ ಜೊತೆಗೆ ಹೋದೆ. ಹೆಡ್‌ಸೆಟ್ ಬ್ಯಾಗಿನಲ್ಲಿ, ಸಾಕಿನಾಕಾದಿಂದ ಘಾಟ್ಕೋಪರಿಗೆ ಮೆಟ್ರೋ, ಅಲ್ಲಿಂದ ಡೊಂಬಿವಲಿಗೆ ಸ್ಲೋ ಲೋಕಲು. ಮನೆಯವರು ಧಾರವಾಡದ ಕಡೆಯವರು. ಮಗ-ಸೊಸೆಗೆ ನಕ್ಷೆ ಒಪ್ಪಿಗೆಯಾಗಿತ್ತು. ಅಡುಗೆ ಮಾಡುವವರು ಅಜ್ಜಿ. “ಅಮ್ಮಾ, ಎರಡು ನಿಮಿಷ, ನಾನು ಕೈ ಹಿಡ್ಕೊಂಡಿರ್ತೇನೆ” ಎಂದು ಭಾವ ಅವರಿಗೆ ಹೆಡ್‌ಸೆಟ್ ತೊಡಿಸಿದರು. ಹಳೆಯ ಕಪಾಟು ಕಿತ್ತ ಬರಿಗೋಡೆಯ ಎದುರು ಅಜ್ಜಿ ಸುಮ್ಮನೆ ನಿಂತರು. ಆಮೇಲೆ ಬಲಗೈ ಮೇಲೆತ್ತಿ, ಬೆರಳು ಚಾಚಿ, ಗಾಳಿಯಲ್ಲಿ ಏನನ್ನೋ ಹುಡುಕಿದರು.

“ಇಷ್ಟು ಮ್ಯಾಲ ಇಟ್ಟೀರಲ್ರೀ, ಅವಲಕ್ಕಿ ಡಬ್ಬಿ ನನಗ ಎಟಕೂದಿಲ್ಲ.”

ಮಿಸ್ತ್ರಿ ಕಿವಿಯ ಮೇಲಿನ ಪೆನ್ಸಿಲು ತೆಗೆದು, ಅಜ್ಜಿಯ ಬೆರಳಿನ ತುದಿ ನಿಂತ ಮಟ್ಟಕ್ಕೆ ಗೋಡೆಯ ಮೇಲೆ ಒಂದು ಗೆರೆ ಎಳೆದ. ನಕ್ಷೆಯ ಗೆರೆಗಿಂತ ಅದು ನಾಲ್ಕು ಇಂಚು ಕೆಳಗಿತ್ತು.